ಮಸಿಯಲ್ಲಿ ಬಂದ ರಸ್ತೆ

ನನ್ನ ಚಿತ್ರವನ್ನು ಯಾರೋ ಬರೆದು ಬಾಗಲಕೋಟೆಯ ನವನಗರದಲ್ಲಿ ಪ್ರದರ್ಶನಕ್ಕೆ ಹಾಕಿದ್ದಾರೆ ಎಂದು ಡ್ರೈವರ್ ಹೊಳಬಸಪ್ಪ ಫೋನು ಮಾಡಿ ಹೇಳಿದಾಗ ನಾನು ಡಿಪೋದ ದಾಖಲೆ ಕೋಣೆಯಲ್ಲಿ ಹಳೆಯ ಕಡತಗಳ ಧೂಳು ಹೊಡೆಯುತ್ತಿದ್ದೆ. ಇಳಕಲ್–ಬಾಗಲಕೋಟೆ ಬಸ್ಸಿನಲ್ಲಿ ಹದಿನಾಲ್ಕು ವರ್ಷ ನಿಂತೇ ಕಳೆದ ಕಂಡಕ್ಟರ್ ನಾನು, ಹೆಸರು ಮಹೇಶ್ವರಿ. ಹದಿನೆಂಟು ದಿನಗಳಿಂದ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಕೂತರೆ ನನ್ನ ಕಾಲುಗಳು ನೋಯುತ್ತವೆ ಎಂದರೆ ಅಲ್ಲಿ ಯಾರೂ ನಂಬುತ್ತಿರಲಿಲ್ಲ.

“ಚಿತ್ರ ಭಾಳ ಕೆಟ್ಟ ತಗದಾರ್ರಿ ಅಕ್ಕಾರ. ನಿಮ್ಮ ಕೈ ನೋಡಿದ್ರ ಮೊರದಷ್ಟು ಐತಿ,” ಎಂದ ಹೊಳಬಸಪ್ಪ. ಅವನ ಮಗಳು ಪ್ರದರ್ಶನ ನೋಡಲು ಹೋಗಿದ್ದವಳು ಗುರುತು ಹಿಡಿದು ಮನೆಯಲ್ಲಿ ಹೇಳಿದ್ದಳಂತೆ.

ಕೈ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಮೈ ಉರಿಯಿತು. ನಾನು ಧೂಳು ತಿನ್ನುತ್ತಿದ್ದದ್ದು ಆ ಕೈಯ ದೆಸೆಯಿಂದಲೇ.

ನಡೆದದ್ದನ್ನು ಹೇಳಿಬಿಡುತ್ತೇನೆ. ಅಂದು ಅಮೀನಗಡದಲ್ಲಿ ಕುರಿ ಸಂತೆ. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹುನಗುಂದದಲ್ಲಿ ಹತ್ತಿದ ಒಬ್ಬ ಮುದುಕಿಗೆ ಬಾಗಲಕೋಟೆಯ ಫ್ರೀ ಟಿಕೆಟ್ ಕೊಡಬೇಕು, ಅದಕ್ಕೆ ಆಧಾರ ಕಾರ್ಡು ನೋಡಬೇಕು. ಆಕೆ ಚೀಲದಲ್ಲಿ ಕೈಯಾಡಿಸುತ್ತಲೇ ಇದ್ದಳು. ಅಂತೂ ಸಿಕ್ಕಿತು, ಅದರಲ್ಲಿ ಗುಲಾಬಬಿ ಎಂದಿತ್ತು, ಟಿಕೆಟ್ ಹರಿದು ಕೊಟ್ಟೆ. ಅಷ್ಟರಲ್ಲಿ ನನ್ನ ಗಂಟಲು ಜೋರಾಗಿದ್ದನ್ನು ಕೇಳಿ ಹಿಂದಿನ ಸೀಟಿನ ಒಬ್ಬ ಮೊಬೈಲು ಎತ್ತಿ ಹಿಡಿದಿದ್ದ. ಕುರಿಹಿಂಡು ಅಡ್ಡ ಬಂತು, ಹೊಳಬಸಪ್ಪ ಬ್ರೇಕು ಒತ್ತಿದ.

ಆ ವಿಡಿಯೋ ಇರುವುದು ಹನ್ನೊಂದು ಸೆಕೆಂಡು. ಅದರಲ್ಲಿ ನನ್ನ ಬಾಯಿ ಅಗಲವಾಗಿ ತೆರೆದಿದೆ. “ಹಿಡ್ಕೊಂಡ ನಿಂದ್ರಾಕ ಬರಂಗಿಲ್ಲೇನು ನಿನಗ?” ಎಂದು ಕೂಗುತ್ತಿದ್ದೇನೆ. ನನ್ನ ಎಡಗೈ ರಪ್ಪನೆ ಹೋಗಿ, ಬೆನ್ನು ತಿರುಗಿಸಿ ನಿಂತ ಮುದುಕಿಯ ತಲೆಗೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ‘ಫ್ರೀ ಬಸ್ಸಿನ ಅಜ್ಜಿಗೆ ಕಂಡಕ್ಟರ್ ಏಟು’ ಎಂದು ತಲೆಬರಹ ಕೊಟ್ಟು ಬಿಟ್ಟರು. ಮರುದಿನವೇ ಡಿಪೋದವರು ನೋಟಿಸು ಕೊಟ್ಟು ನನ್ನನ್ನು ಬಸ್ಸಿನಿಂದ ಇಳಿಸಿದರು. ಮೂರು ದಿನಗಳಲ್ಲಿ ಎರಡು ಲಕ್ಷ ಜನ ನೋಡಿದರು. ನಮ್ಮ ಓಣಿಯಲ್ಲಿ ಅಷ್ಟು ದಿನ ಸಕ್ಕರೆ ಕೇಳಿಕೊಂಡು ಬರುತ್ತಿದ್ದವರು ಬಾಗಿಲು ಮುಂದೆ ಮಾಡಿಕೊಂಡರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಹಾಗೆಂದವರು ಎಂಬತ್ತು ಜನರ ಬಸ್ಸಿನಲ್ಲಿ ‘ಒಳಗ ಸರೀರಿ’ ಎಂದು ಕೂಗಿದವರಲ್ಲ. ಹದಿನಾಲ್ಕು ವರ್ಷಗಳಲ್ಲಿ ಅರ್ಧ ತಾಲ್ಲೂಕಿನ ಜನರನ್ನು ಬೈದಿದ್ದೇನೆ, ಆದರೆ ಯಾರ ಮೈಮೇಲೂ ಕೈ ಮಾಡಿರಲಿಲ್ಲ. ಮೊದಲ ವಾರ ಈ ಮಾತನ್ನು ಎದೆ ತಟ್ಟಿ ಹೇಳಿದೆ. ಆಮೇಲೆ ಆ ವಿಡಿಯೋವನ್ನು ನಾನೇ ಐವತ್ತು ಸಲ ನೋಡಿದೆ. ನೋಡಿ ನೋಡಿ ನನಗೂ ಅನುಮಾನ ಬಂತು. ಆ ಗಳಿಗೆಯಲ್ಲಿ ಸಿಟ್ಟು ಬಂದದ್ದು ನೆನಪಿತ್ತು, ಕೈ ಏನು ಮಾಡಿತು ಎಂಬುದು ನೆನಪಿರಲಿಲ್ಲ. ನೆನಪು ಇರಬೇಕಾದ ಜಾಗದಲ್ಲಿ ವಿಡಿಯೋ ಬಂದು ಕೂತಿತ್ತು. ಹೊಡೆದೇ ಇರಬೇಕು ಎಂದುಕೊಂಡ ರಾತ್ರಿ ನಾನು ಊಟ ಮಾಡಲಿಲ್ಲ.

ಡಿಪೋದ ಹಿರಿಯ ಗುಮಾಸ್ತ ಬಂದೇನವಾಜ ಅಣ್ಣ ಒಳ್ಳೆಯ ಮನುಷ್ಯ. ನನ್ನ ಒಳಿತಿಗೆಂದೇ ಒಂದು ಕಾಗದ ಟೈಪ್ ಮಾಡಿಕೊಟ್ಟಿದ್ದ. ‘ಸಿಟ್ಟಿನ ಭರದಲ್ಲಿ ವೃದ್ಧೆಯ ತಲೆಗೆ ಹೊಡೆದಿರುತ್ತೇನೆ, ಕ್ಷಮಿಸಬೇಕು’ ಎಂದು ಅದರಲ್ಲಿತ್ತು. ಸಹಿ ಮಾಡಿ, ಫೋನು ಬಂದ ಆ ದಿನವೇ ಸಂಜೆ ಐದರೊಳಗೆ ಕೊಟ್ಟರೆ ಒಂದು ಇನ್‌ಕ್ರಿಮೆಂಟು ಹೋಗುತ್ತದೆ, ಸೋಮವಾರದಿಂದ ಮತ್ತೆ ಬಸ್ಸು. ಕೊಡದಿದ್ದರೆ ವಿಚಾರಣೆ. ಅದು ಎಷ್ಟು ತಿಂಗಳೋ, ಕೊನೆಗೆ ಏನೋ, ಯಾರಿಗೆ ಗೊತ್ತು. ಕಾಗದವನ್ನು ನಾಲ್ಕಾಗಿ ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಸಹಿ ಮಾಡುವುದೆಂದು ತೀರ್ಮಾನವೂ ಆಗಿತ್ತು.

ಆದರೆ ಅದಕ್ಕಿಂತ ಮುಂಚೆ ಆ ಚಿತ್ರವನ್ನು ಗೋಡೆಯಿಂದ ಇಳಿಸಬೇಕಿತ್ತು. ಮೊಬೈಲಿನಲ್ಲಿ ಬಂದದ್ದು ಒಂದು ತಿಂಗಳಿಗೆ ಹಳತಾಗುತ್ತದೆ, ಗೋಡೆಗೆ ಹಾಕಿದ್ದು ಉಳಿಯುತ್ತದೆ. ಅರ್ಧ ದಿನದ ರಜೆ ಬರೆದುಕೊಟ್ಟು ನವನಗರಕ್ಕೆ ಹೋದೆ.

ಸಭಾಭವನದಲ್ಲಿ ಚಿತ್ರಕಲಾ ಕಾಲೇಜಿನ ಹುಡುಗರ ಪ್ರದರ್ಶನ. ಬಾಗಿಲ ಎದುರಿಗೇ ಬಾದಾಮಿಯ ಕೆಂಪು ಬಂಡೆ, ಮಹಾಕೂಟದ ಹೊಂಡ, ಮಗ್ಗದ ಮುಂದೆ ನಗುತ್ತ ಕೂತ ಹೆಣ್ಣುಮಗಳು. ಎಲ್ಲ ಚೆನ್ನಾಗಿದ್ದವು, ಕ್ಯಾಲೆಂಡರಿಗೆ ಹಾಕಬಹುದು. ಮಗ್ಗದ ಮುಂದೆ ಕೂತವರು ಅಷ್ಟೊಂದು ನಗುವುದನ್ನು ನಾನು ಕಂಡಿಲ್ಲ, ಅದು ಬೇರೆ ಮಾತು. ನನ್ನದು ಕೊನೆಯ ಮೂಲೆಯಲ್ಲಿ, ಕುಡಿಯುವ ನೀರಿನ ಫಿಲ್ಟರಿನ ಪಕ್ಕ ಇತ್ತು. ಕೆಳಗೆ ಚೀಟಿ ಅಂಟಿಸಿದ್ದರು: ‘ಬೆಳಗಿನ ಬಸ್ಸು. ಆಫ್ರೀನ, ಮೂರನೇ ವರ್ಷ. ಮಸಿ.’

ಹೊಳಬಸಪ್ಪ ಸುಳ್ಳು ಹೇಳಿರಲಿಲ್ಲ. ಬಿಳಿ ಹಾಳೆಯ ಮೇಲೆ ಬರೀ ಕಪ್ಪು ಗೆರೆ. ಒಬ್ಬರ ಮೇಲೊಬ್ಬರು ಬಿದ್ದ ಜನ. ಕುತ್ತಿಗೆಗಳು ಉದ್ದವಾಗಿವೆ, ಹೆಗಲುಗಳು ಮುರಿದಂತಿವೆ. ಬಹಳ ಜನರಿಗೆ ಮುಖದ ಜಾಗದಲ್ಲಿ ಮೊಬೈಲು. ನಡುವೆ ನಾನು. ಎದೆಯ ಮೇಲೆ ಟಿಕೆಟ್ ಮಷೀನು, ಬಾಯಿ ಬಾವಿಯಷ್ಟು ತೆರೆದಿದೆ, ಹುಬ್ಬು ಗಂಟಿಕ್ಕಿದೆ. ಎಡಗೈ ಮಾತ್ರ ಹಾಳೆಯ ಕಾಲುಭಾಗ ತುಂಬಿದೆ. ಆ ಕೈಯೊಳಗೆ ನಿಂಬೆಹಣ್ಣಿನಷ್ಟು ಒಂದು ತಲೆ.

ಅಲ್ಲಿದ್ದ ಮೇಷ್ಟ್ರನ್ನು ಕರೆದೆ. ಹೆಸರು ಅನಿಲಕುಮಾರ, ಕಾಲೇಜಿನಲ್ಲಿ ಕಲಿಸುವವರು. ಇದರಲ್ಲಿರುವವಳು ನಾನು, ನನ್ನನ್ನು ಕೇಳದೆ ಬರೆದಿದ್ದಾರೆ, ಈಗಲೇ ಇಳಿಸಿರಿ ಎಂದೆ. ಅವರು ನನ್ನನ್ನೂ ಚಿತ್ರವನ್ನೂ ಎರಡೆರಡು ಸಲ ನೋಡಿದರು. ಸಿಟ್ಟಾಗಬೇಡಿ ಎಂದು ಕುರ್ಚಿ ಎಳೆದರು. ನಾನು ಕೂರಲಿಲ್ಲ. ಇದು ಕಂಡದ್ದನ್ನು ಕಂಡಹಾಗೆ ಬರೆಯುವ ಚಿತ್ರವಲ್ಲ, ಮನಸ್ಸಿಗೆ ತಾಗಿದ್ದನ್ನು ಬರೆಯುವ ಬಗೆ ಎಂದು ವಿವರಿಸತೊಡಗಿದರು. ನಡುಗುವ ಗೆರೆಗಳನ್ನು ತೋರಿಸಿ, ಇದು ಇಂದಿನ ಮನುಷ್ಯನ ಒಳಗಿನ ತಳಮಳ ಎಂದರು. ಕೈಯ ಗೆರೆ ಮಾತ್ರ ಯಾಕೆ ನಡುಗಿಲ್ಲ ಎಂದು ನಾನು ಕೇಳಿದ್ದು ಅವರ ಬಾಯಿ ಮುಚ್ಚಿಸಲಿಕ್ಕೆ. ಅವರಿಗೆ ಖುಷಿಯಾಯಿತು. ಅದು ಅಧಿಕಾರದ ನಿಶ್ಚಲತೆ ಎಂದರು.

ಅಧಿಕಾರವಂತೆ. ಚಿಲ್ಲರೆ ಇಲ್ಲ ಎಂದರೆ ಊರವರಿಂದೆಲ್ಲ ಉಗಿಸಿಕೊಳ್ಳುವವಳಿಗೆ ಎಲ್ಲಿಯ ಅಧಿಕಾರ. ಏನೋ ಹೇಳಲು ಬಾಯಿ ತೆರೆದವಳ ಕಣ್ಣು ಚಿತ್ರದ ಎಡಬದಿಗೆ ಹೋಯಿತು.

ಎಡಬದಿಯಲ್ಲಿ ಒಂದು ಕಿಟಕಿ, ಮುಂದಿನ ಸೀಟಿನ ಇಬ್ಬರು ಹೆಂಗಸರು. ಅಲ್ಲಿ ಗೆರೆ ಸಣ್ಣಗೆ, ಒಂದೇ ಸಮ ನಡುಗುತ್ತಿತ್ತು. ಆ ನಡುಕ ನನ್ನ ಅಂಗಾಲಿಗೆ ಗೊತ್ತು. ಕಂಡಕ್ಟರಾದವಳು ಬೆನ್ನನ್ನು ಸೀಟಿಗೆ ಆನಿಸಿ, ಮುಖವನ್ನು ಜನರ ಕಡೆಗೆ ಮಾಡಿ ಟಿಕೆಟ್ ಹರಿಯುತ್ತಾಳೆ. ರಸ್ತೆಯನ್ನು ಕಣ್ಣಿನಿಂದ ನೋಡುವುದು ಡ್ರೈವರ್, ನಾವು ನೋಡುವುದು ಕಾಲಿನಿಂದ. ಅದು ಇಳಕಲ್ ಬಿಟ್ಟು ಹುನಗುಂದದವರೆಗಿನ ಹೆದ್ದಾರಿ. ಬಸ್ಸು ಎಪ್ಪತ್ತರಲ್ಲಿ ಓಡುವಾಗ ಪೆನ್ನು ಹಿಡಿದರೆ ಗೆರೆ ಹಾಗೇ ಬರುತ್ತದೆ.

“ಮಾಸ್ತರ, ಈ ಹುಡುಗಿ ಇದನ್ನ ಬಸ್ಸಿನ್ಯಾಗ ಕುಂತು ತಗದಾಳೇನ್ರಿ?” ಎಂದೆ.

ಇರಬಹುದು ಎಂದರು. ಆಕೆ ಇಳಕಲ್‌ನಿಂದ ದಿನಾ ಬಸ್ಸಿಗೆ ಬರುವವಳು, ಮಡಿಲಲ್ಲಿ ಯಾವಾಗಲೂ ಹಾಳೆ ಇರುತ್ತದೆ ಎಂದರು. ಕರೆಯಲು ಒಬ್ಬರನ್ನು ಕಳಿಸಿದರು.

ನಾನು ಫಿಲ್ಟರಿನ ಪಕ್ಕಕ್ಕೆ ಸರಿದು ಎಡದಿಂದ ಬಲಕ್ಕೆ ಓದುತ್ತ ಹೋದೆ. ಹುನಗುಂದ ಬಂತು: ಮಸಿ ಒಮ್ಮೆಲೇ ದಟ್ಟ, ನಲವತ್ತು ಜನ ಹತ್ತಿದ್ದರು. ಅಲ್ಲಿಂದ ಗೆರೆ ಓಲಾಡುತ್ತದೆ. ಒಬ್ಬ ಗಂಡಸಿನ ಹೆಗಲು ಮೂರು ಸಲ ಏರಿ ಮೂರು ಸಲ ಇಳಿದಿತ್ತು. ಮೇಷ್ಟ್ರು ಅದನ್ನು ಬದುಕಿನ ಭಾರ ಎಂದಿದ್ದರು. ಅದು ಅಮೀನಗಡದ ಹಂಪು, ರಸ್ತೆಯ ಉಬ್ಬು. ಸಂತೆಯ ಮುಂಚೆ ಸಾಲಾಗಿ ಮೂರಿವೆ, ಮೂರನೆಯದಕ್ಕೆ ನನ್ನ ಮೊಣಕಾಲು ತಾನಾಗಿ ಬಗ್ಗುತ್ತದೆ. ಅದು ದಾಟಿದ ಕೂಡಲೇ ಒಂದು ಗೆರೆ ಚಿತ್ರದ ಅಡ್ಡಕ್ಕೆ ಸರ್ರನೆ ಓಡಿ ಹಾಳೆಯ ಅಂಚನ್ನೇ ಹರಿದಿತ್ತು. ಹೊಳಬಸಪ್ಪನ ಬ್ರೇಕು.

ಅದರ ಆಚೆ ನಾನು. ಆ ಕೈ, ಆ ತಲೆ, ಪಕ್ಕದಲ್ಲಿ ಬಾಗಿಲ ಬಳಿಯ ಕಬ್ಬಿಣದ ಕಂಬ. ಎಲ್ಲಿಯೂ ಗೆರೆ ಕೂದಲೆಳೆಯಷ್ಟೂ ನಡುಗಿರಲಿಲ್ಲ.

ಹೊಳಬಸಪ್ಪನಿಗೆ ಫೋನು ಹಚ್ಚಿದೆ. ಆ ದಿನ ಕುರಿ ದಾಟುವಾಗ ಎಂಜಿನ್ ಬಂದ್ ಮಾಡಿದ್ದೆಯಾ ಎಂದು ಕೇಳಿದೆ. ಅವನಿಗೆ ಡೀಸೆಲ್ ಉಳಿಸುವ ಚಟ, ಎತ್ತಿನ ಗಾಡಿ ಅಡ್ಡ ಬಂದರೂ ಬಂದ್ ಮಾಡುತ್ತಾನೆ. ಮಾಡಿದ್ದೆ ಎಂದ. ಎಷ್ಟು ಹೊತ್ತು ಎಂದು ಕೇಳಿದೆ.

“ಎರಡು ಹಿಂಡು ಇದ್ವಲ್ರಿ, ಐದು ನಿಮಿಷ ಆಗಿರಬೇಕು. ಯಾಕ್ರಿ ಅಕ್ಕಾರ?”

ಆಮೇಲೆ ಹೇಳುತ್ತೇನೆ ಎಂದು ಇಟ್ಟೆ. ಬಸ್ಸು ನಿಂತಮೇಲೆ, ಎಂಜಿನ್ನೂ ಸುಮ್ಮನಾದಮೇಲೆ ಬರೆದ ಗೆರೆ ಅದು. ಅಂದರೆ ಬ್ರೇಕು ಬಿದ್ದಮೇಲೂ ನನ್ನ ಕೈ ಅಲ್ಲಿಯೇ ಇತ್ತು. ಹೊಡೆದ ಕೈ ಹೊಡೆದ ಜಾಗದಲ್ಲಿ ಐದು ನಿಮಿಷ ನಿಲ್ಲುವುದಿಲ್ಲ.

ಆಗ ಚಿತ್ರದ ಹತ್ತಿರಕ್ಕೆ, ಮೂಗು ಗಾಜಿಗೆ ತಾಗುವಷ್ಟು ಹತ್ತಿರಕ್ಕೆ ಹೋದೆ. ಆ ಕಂಬವನ್ನು ಹುಡುಗಿ ಒತ್ತಿ ಒತ್ತಿ ಕಪ್ಪು ಮಾಡಿದ್ದಳು. ಕೈಯ ಬೆನ್ನು ಕಂಬಕ್ಕೆ ಅಪ್ಪಳಿಸಿ ಅಲ್ಲೇ ಅಂಟಿತ್ತು, ಗೆಣ್ಣುಗಳ ಮೇಲೆ ನಾಲ್ಕು ಮಸಿಯ ಚುಕ್ಕೆ. ಅಂಗೈ ಬೋಗುಣಿಯಾಗಿ ಒಳಗೆ ತಲೆಯನ್ನು ಹಿಡಿದಿತ್ತು. ತಲೆಯ ಒಂದು ಕಣ್ಣಿಗೆ ಪಟ್ಟಿ. ವಿಡಿಯೋದಲ್ಲಿ ಆಕೆಯ ಬೆನ್ನಷ್ಟೇ ಇತ್ತು, ಇಲ್ಲಿ ಮುಖ ಇತ್ತು. ಆಗ ನೆನಪಾಯಿತು: ಗುಲಾಬಬಿಯ ಎಡಗಣ್ಣಿಗೆ ಹಸಿರು ಪಟ್ಟಿ, ಕಣ್ಣಿನ ಆಪರೇಶನ್ ಆಗಿ ದವಾಖಾನೆಗೆ ತೋರಿಸಿಕೊಳ್ಳಲು ಹೊರಟಿದ್ದಳು. ಸೀಟು ಬಿಟ್ಟುಕೊಡಿ ಎಂದು ನಾನು ಇಬ್ಬರಿಗೆ ಹೇಳಿದ್ದೆ, ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಬ್ರೇಕು ಬಿದ್ದಾಗ ಮುದುಕಿ ಕಂಬದ ಕಡೆಗೆ ಮುಗ್ಗರಿಸಿದಳು, ಪಟ್ಟಿ ಕಟ್ಟಿದ ಕಣ್ಣು ಮುಂದಾಗಿ.

ನನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡೆ. ನಾಲ್ಕು ಗೆಣ್ಣುಗಳ ಮೇಲೂ ಹಕ್ಕಳೆ ಉದುರಿ ಎಳೆಯ ಕೆಂಪು ಚರ್ಮ ಬಂದಿತ್ತು. ಡಿಕ್ಕಿಯ ಬಾಗಿಲು ಹಾಕುವಾಗ ತರಚಿದ್ದಿರಬೇಕೆಂದು ಹದಿನೆಂಟು ದಿನ ಅದಕ್ಕೆ ಎಣ್ಣೆ ಹಚ್ಚಿದ್ದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಮತ್ತೊಬ್ಬರ ವಿಷಯಕ್ಕೆ ಎಂದುಕೊಂಡಿದ್ದೆ. ನನ್ನ ಕೈಯನ್ನೇ ನಾನು ಪರಾಂಬರಿಸಿರಲಿಲ್ಲ. ಅಲ್ಲಿಯೇ ನಿಂತು ಅತ್ತೆ. ಮೇಷ್ಟ್ರು ನೀರು ತುಂಬಿಕೊಟ್ಟರು, ಫಿಲ್ಟರ್ ಹತ್ತಿರವೇ ಇತ್ತಲ್ಲ.

ಆಫ್ರೀನ ಬಂದಳು. ತೆಳ್ಳಗಿನ ಹುಡುಗಿ, ಬೆರಳಿಗೆಲ್ಲ ಮಸಿ. ದಿನಾ ನೋಡುವ ಮುಖ. ಡ್ರೈವರನ ಹಿಂದಿನ ಸೀಟಿನಲ್ಲಿ ಜನರ ಕಡೆಗೆ ಮುಖ ಮಾಡಿ ಕೂರುತ್ತಾಳೆ, ಎಂದೂ ಮಾತಾಡಿಸಿರಲಿಲ್ಲ. ನನ್ನನ್ನು ನೋಡಿ ಹೆದರಿದಳು. ವಿಡಿಯೋ ಸುಳ್ಳು ಎಂದು ಅದರ ಕೆಳಗೆ ಬರೆದಿದ್ದಳಂತೆ, ನೂರಾರು ಬೈಗುಳದ ನಡುವೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬಸ್ಸಿನಲ್ಲಿ ನಾನು ಕಾಣದಿದ್ದಾಗ ರಜೆ ಹಾಕಿರಬೇಕು ಎಂದುಕೊಂಡಿದ್ದಳು. ನೋಟಿಸಿನ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ನಾನು ಒಂದೇ ಕೇಳಿದೆ, ಕೈಯನ್ನು ಯಾಕೆ ಅಷ್ಟು ದೊಡ್ಡದು ಮಾಡಿದೆ ಎಂದು.

“ಬಸ್ಸು ನಿಂತ ಮ್ಯಾಲೂ ನೀವು ಕೈ ತಗೀಲಿಲ್ರಿ ಅಕ್ಕಾರ,” ಎಂದಳು. “ಬಾಯಿಲೆ ಎಲ್ಲಾರನ್ನೂ ಬೈತಿದ್ರಿ, ಕೈ ಮಾತ್ರ ಆ ಆಯಿ ತಲಿ ಹಿಡ್ಕೊಂಡು ಅಲ್ಲೇ ಇತ್ತು. ನನಗ ಬ್ಯಾರೆ ಏನೂ ಕಾಣಲಿಲ್ರಿ. ತಗೀತಾ ತಗೀತಾ ಅಷ್ಟು ದೊಡ್ಡದಾತು.”

ಬಾಯಿಯನ್ನು ಇನ್ನಷ್ಟು ಸಣ್ಣದು ಮಾಡಬಹುದಿತ್ತು ಎಂದೆ. ತಲೆಯಲ್ಲಾಡಿಸಿದಳು. ಅದೂ ಅಷ್ಟೇ ಇತ್ತು ಎಂದಳು. ಗಟ್ಟಿ ಹುಡುಗಿ. ಅವಳ ಮಾತು ಸರಿಯೇ ಆಗಿತ್ತು. ನಾನು ಬೈದವಳೂ ಹೌದು, ಹಿಡಿದವಳೂ ಹೌದು. ವಿಡಿಯೋ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿತ್ತು, ಈ ಹುಡುಗಿ ಎರಡನ್ನೂ ಬಿಡಲಿಲ್ಲ. ಚಿತ್ರದ ಹಿಂಬದಿಯಲ್ಲಿ ಒಬ್ಬ ಮುಖವಿಲ್ಲದವನು ಮೊಬೈಲನ್ನು ನನ್ನ ಕಡೆಗೆ ಹಿಡಿದಿದ್ದ. ಅವನನ್ನೂ ಬಿಟ್ಟಿರಲಿಲ್ಲ.

ಮೇಷ್ಟ್ರು ಮೆಲ್ಲಗೆ ಕೇಳಿದರು, ಹಾಗಾದರೆ ಈಗ ಇಳಿಸಬೇಕೋ ಬೇಡವೋ ಎಂದು.

“ಇಳಸ್ರಿ. ಇಲ್ಲಿ ನೀರು ಕುಡಿಯೋ ಮಂದಿ ಬೆನ್ನ ಹಿಂದ ಮುಚ್ಚಿ ಹೋಗೇತಿ. ಬಾಗಲಾ ದಾಟಿದ ಕೂಡಲೇ ಕಾಣೂಹಂಗ ಹಾಕ್ರಿ,” ಎಂದೆ.

ಅವರು ಮಗ್ಗದ ಹೆಣ್ಣುಮಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಅಧಿಕಾರದ ನಿಶ್ಚಲತೆ ಎಂದದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಇಟ್ಟುಕೊಂಡಿಲ್ಲ.

ಡಿಪೋ ಮುಟ್ಟಿದಾಗ ನಾಲ್ಕೂವರೆ. ಬಂದೇನವಾಜ ಅಣ್ಣನ ಕಾಗದವನ್ನು ತಿರುವಿ, ಖಾಲಿ ಬದಿಯಲ್ಲಿ ನನ್ನ ಅಕ್ಷರದಲ್ಲೇ ಬರೆದೆ: ‘ಆ ದಿನ ಗುಲಾಬಬಿ ಎಂಬ ಪ್ರಯಾಣಿಕರನ್ನು ಏಕವಚನದಲ್ಲಿ ಬೈದಿದ್ದೇನೆ. ಅದು ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇನೆ, ಶಿಕ್ಷೆ ಕೊಡಿರಿ. ಅವರ ತಲೆಗೆ ಹೊಡೆದಿಲ್ಲ. ತಲೆ ಕಂಬಕ್ಕೆ ಬಡಿಯದಂತೆ ಕೈ ಅಡ್ಡ ಹಿಡಿದಿದ್ದೇನೆ.’ ಸಹಿ ಹಾಕಿದೆ. ಅಣ್ಣ ಓದಿ ಹಣೆ ಹಣೆ ಬಡಿದುಕೊಂಡ. ಸುಮ್ಮನೆ ಮುಗಿಯುವುದನ್ನು ಯಾಕೆ ಬೆಳೆಸುತ್ತೀ ತಂಗಿ ಎಂದ.

ಡಿಪೋ ಸಾಹೇಬರು ಎರಡು ಸಲ ಓದಿದರು. ಸಾಕ್ಷಿ ಯಾರು ಎಂದು ಕೇಳಿದರು. ಒಂದು ಚಿತ್ರ ಇದೆ ಎಂದೆ. ಚಿತ್ರ ಎಲ್ಲಿಯಾದರೂ ಸಾಕ್ಷಿಯಾಗುತ್ತದೆಯೇ ಎಂದು ನಕ್ಕರು. ಹಾಗಾದರೆ ಬರೆದವಳು ಬಂದು ಹೇಳುತ್ತಾಳೆ ಎಂದೆ, ಎಡಗೈಯನ್ನು ಮೇಜಿನ ಮೇಲೆ ಬೋರಲು ಇಟ್ಟೆ. ಅವರು ನಾಲ್ಕು ಗೆಣ್ಣುಗಳನ್ನು ನೋಡಿದರು. ನಗು ನಿಂತಿತು.

“ಮೊದಲನೇ ದಿನಾನ ಇದನ್ನ ಯಾಕ ಹೇಳಲಿಲ್ಲ ನೀವು?”

“ನನ್ನ ಕೈ ನನಗ ಕಾಣಿಸಿದ್ದಿಲ್ರಿ ಸಾಹೇಬ್ರ,” ಎಂದೆ. “ಒಂದು ಹುಡುಗಿ ತೋರಿಸಿದ್ಳು. ಇನ್ನ ನೀವು ಎಷ್ಟು ತಿಂಗಳು ವಿಚಾರಣಿ ಮಾಡ್ರಿ, ಹೊಡದೀನಿ ಅಂತ ಮಾತ್ರ ನಾ ಬರಕೊಡಂಗಿಲ್ಲ.”

ಇನ್‌ಕ್ರಿಮೆಂಟು ಒಂದಲ್ಲ, ಮೂರು ಹೋಗಬಹುದು ಎಂದು ಎಚ್ಚರಿಸಿದರು. ಹೋಗಲಿ ಎಂದೆ. ಕಾಗದಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಹೊರಗೆ ಬಂದೆ.

ವಿಚಾರಣೆ ಇನ್ನೂ ನಡೆಯುತ್ತಿದೆ. ಆಫ್ರೀನ ಬಂದು ಹೇಳಿಕೆ ಕೊಟ್ಟಳು, ಹೊಳಬಸಪ್ಪನೂ ಕೊಟ್ಟ. ಗುಲಾಬಬಿ ಮಾತ್ರ ಸಿಕ್ಕಿಲ್ಲ. ಹುನಗುಂದದ ಸ್ಟ್ಯಾಂಡಿನಲ್ಲಿ ಹತ್ತುವ ಮುದುಕಿಯರ ಕಣ್ಣಿಗೆ ಹಸಿರು ಪಟ್ಟಿ ಇದೆಯೇ ಎಂದು ದಿನಾ ನೋಡುತ್ತೇನೆ. ಪಟ್ಟಿ ಬಿಚ್ಚಿ ಎಷ್ಟೋ ದಿನವಾಗಿರಬೇಕು ಎಂಬುದು ನನಗೂ ಗೊತ್ತು. ಸಿಕ್ಕರೆ ಸಾಕ್ಷಿಗಿಂತ ಮೊದಲು ಬೈದದ್ದಕ್ಕೆ ಆಕೆಯ ಮುಂದೆ ಕೈ ಮುಗಿಯಬೇಕು.

ಆ ಹೇಳಿಕೆಗಳ ಮೇಲೆ, ವಿಚಾರಣೆ ಮುಗಿಯದಿದ್ದರೂ, ಹದಿನೈದು ದಿನಗಳಲ್ಲಿ ನನ್ನನ್ನು ಬಸ್ಸಿಗೆ ಬಿಟ್ಟರು. ಬೇರೆ ದಾರಿ ಕೊಡುತ್ತೇವೆ ಎಂದರು, ಬೇಡ, ಅದೇ ಬೆಳಗಿನ ಬಸ್ಸೇ ಬೇಕು ಎಂದು ಹಟ ಹಿಡಿದೆ. ಮೊದಲ ದಿನವೇ ಒಬ್ಬ ನನ್ನನ್ನು ಗುರುತಿಸಿ ಪಕ್ಕದವನಿಗೆ ತೋರಿಸಿದ. ಇಪ್ಪತ್ತರ ಹುಡುಗ, ಕಿವಿಯಲ್ಲಿ ಹಾಡು, ಕಣ್ಣು ಮತ್ತೆ ಮೊಬೈಲಿಗೆ ಹೋಯಿತು. ಕಂಬದ ಪಕ್ಕ ಏನೂ ಹಿಡಿದುಕೊಳ್ಳದೆ ನಿಂತಿದ್ದ. ಹಿಡಿದುಕೋ ಎಂದು ಎರಡು ಸಲ ಹೇಳಿದೆ, ಮೂರನೇ ಸಲ ಬೈದೆ. ಅಮೀನಗಡ ಬಂತು. ಒಂದನೇ ಹಂಪು, ಎರಡನೇ ಹಂಪು. ಮೂರನೆಯದಕ್ಕೆ ನನ್ನ ಮೊಣಕಾಲು ಬಗ್ಗಿತು, ಎಡಗೈ ತಾನಾಗಿ ಹೋಗಿ ಅವನ ಹಣೆಗೂ ಕಂಬಕ್ಕೂ ನಡುವೆ ನಿಂತಿತು. ಈ ಸಲ ಅದು ಹೋಗುವುದನ್ನು ನಾನು ನೋಡಿದೆ. ಹುಡುಗ ನೋಡಲಿಲ್ಲ. ಅವನ ಟಿಕೆಟ್ ಹರಿದು ಕೊಟ್ಟು ಮುಂದಿನವರ ಕಡೆಗೆ ತಿರುಗಿದೆ.